ಡಿಸ್ಲೆಕ್ಸಿಯಾ ಇರುವ ಮಗು ಮತ್ತು ಶಾಲೆ: ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಓದು ಕಲಿಸುವುದು ಒಂದು ಕೆಲಸ, ಪಾಠ ತಲುಪಿಸುವುದು ಇನ್ನೊಂದು ಕೆಲಸ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು–ಬರಹ ಕಲಿಯುವುದು ಕಷ್ಟವಾಗುವ ತೊಂದರೆ, ಇರುವ ಮಗುವಿಗೆ ಇವೆರಡೂ ಒಟ್ಟೊಟ್ಟಿಗೆ, ಆದರೆ ಬೇರೆ ಬೇರೆಯಾಗಿ ನಡೆಯಬೇಕು. ಓದು ಬರುವವರೆಗೆ ಪಾಠ ನಿಂತರೆ ಮಗು ತಿಳಿವಳಿಕೆಯಲ್ಲೂ ಹಿಂದೆ ಬೀಳುತ್ತದೆ. ಬರೀ ಓದಿ ಹೇಳುತ್ತಾ ಹೋದರೆ ಓದು ಕಲಿಯದೇ ಉಳಿಯುತ್ತದೆ. ಕೆಳಗಿನ ಹೆಚ್ಚಿನ ಉತ್ತರಗಳು ಈ ಎರಡು ಕೆಲಸಗಳ ಸುತ್ತಲೇ ಇವೆ.

ಮಾತಿನಲ್ಲಿ ಚುರುಕು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಪುಸ್ತಕ ತೆರೆದರೆ ಮಾತ್ರ ತಡವರಿಸುತ್ತದೆ. ಇದು ಹೇಗೆ ಸಾಧ್ಯ?

ಮಾತು ಮಗುವಿಗೆ ಕೇಳುತ್ತಾ ಕೇಳುತ್ತಾ ತಾನಾಗಿಯೇ ಬರುತ್ತದೆ. ಓದು ಹಾಗಲ್ಲ. ಕಣ್ಣಿಗೆ ಕಂಡ ಗುರುತನ್ನು ಬಾಯಿಯ ಸದ್ದಿಗೆ ಜೋಡಿಸುವ ದಾರಿಯನ್ನು ಮೆದುಳು ಹೊಸದಾಗಿ ಕಟ್ಟಿಕೊಳ್ಳಬೇಕು. ಡಿಸ್ಲೆಕ್ಸಿಯಾದಲ್ಲಿ ಈ ಜೋಡಣೆ ನಿಧಾನ. ಹೆಚ್ಚಿನ ಮಕ್ಕಳಲ್ಲಿ ಮೂಲ ತೊಡಕು ಇರುವುದು ಮಾತಿನ ಸದ್ದುಗಳನ್ನು ಬಿಡಿಬಿಡಿಯಾಗಿ ಹಿಡಿಯುವುದರಲ್ಲಿ. ಕೆಲವರಿಗೆ ಗೊತ್ತಿರುವ ಅಕ್ಷರ, ಬಣ್ಣ, ಅಂಕಿಗಳ ಹೆಸರನ್ನು ಥಟ್ಟನೆ ಹೇಳುವುದೂ ಕಷ್ಟ. ಎರಡೂ ಇದ್ದವರಿಗೆ ಓದು ಇನ್ನಷ್ಟು ಭಾರ.

ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ಬಹಳ ಹಿಂದಿನಿಂದಲೇ ಗೊತ್ತಿರುವ ಸಂಗತಿ. 1896ರಲ್ಲಿ ಪ್ರಿಂಗಲ್ ಮೋರ್ಗನ್ ಎಂಬ ಬ್ರಿಟಿಷ್ ವೈದ್ಯರು 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಲೆಕ್ಕ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಜಾಣ ಹುಡುಗ ಇವನೇ ಆಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನೂ ಅವರು ದಾಖಲಿಸಿದ್ದಾರೆ.

ಸಾಮಾನ್ಯ ಅಂದಾಜಿನಂತೆ ನೂರಕ್ಕೆ 5ರಿಂದ 10 ಮಕ್ಕಳಿಗೆ ಇದು ಇರುತ್ತದೆ. ವಂಶದಲ್ಲಿ ಹರಿದು ಬರುವುದೂ ಹೌದು. ತಂದೆಗೋ ತಾಯಿಗೋ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚೂಕಡಿಮೆ ಅರ್ಧದಷ್ಟು. ಮನೆಯಲ್ಲಿ ಯಾರಾದರೂ ‘ಓದು ತಲೆಗೆ ಹತ್ತಲಿಲ್ಲ’ ಎಂದು ಶಾಲೆ ಬಿಟ್ಟಿದ್ದರೆ ಆ ಸಂಗತಿಯನ್ನು ಪರೀಕ್ಷೆ ಮಾಡುವವರಿಗೆ ಹೇಳಿ.

ಅಕ್ಷರವನ್ನು ತಿರುಗಿಸಿ ಬರೆದರೆ ಡಿಸ್ಲೆಕ್ಸಿಯಾ ಇದೆ ಎಂದೇ?

ಅಲ್ಲ. ಇಂಗ್ಲಿಷಿನ ಬಿ–ಡಿ ಅದಲುಬದಲು, ಕನ್ನಡಿಯಲ್ಲಿ ಕಂಡಂತೆ ಬರೆಯುವುದು ಏಳು ವರ್ಷದವರೆಗೆ ಬಹಳ ಮಕ್ಕಳಲ್ಲಿ ಸಹಜ. ಅದಕ್ಕಿಂತ ಮುಖ್ಯವಾದ ಸುಳಿವುಗಳು ಕಿವಿಯ ಕಡೆಯವು: ಪ್ರಾಸ ಹಿಡಿಯದಿರುವುದು, ಉದ್ದ ಪದಗಳ ಒಳಗಿನ ಅಕ್ಷರ ಹಿಂದುಮುಂದಾಗುವುದು, ಗೊತ್ತಿರುವ ವಸ್ತುವಿನ ಹೆಸರೇ ಬಾಯಿಗೆ ಬಾರದೆ ‘ಅದು, ಅದೇ’ ಎನ್ನುವುದು, ವಾರದ ದಿನಗಳ ಸಾಲು ಎಷ್ಟು ಹೇಳಿಕೊಟ್ಟರೂ ನಿಲ್ಲದಿರುವುದು. ಮಾತು ತಡವಾಗಿ ಬಂದ ಮಗುವಿನ ಮೇಲೆ ಸ್ವಲ್ಪ ಹೆಚ್ಚು ಕಣ್ಣಿಟ್ಟಿರಿ.

ಕನ್ನಡ ಓದಿನಲ್ಲಿ ಇದು ಹೇಗೆ ಕಾಣಿಸುತ್ತದೆ?

ಇಂಗ್ಲಿಷಿನಲ್ಲಿ ‘ಟಫ್’, ‘ಥ್ರೂ’, ‘ದೋ’ ಮೂರಕ್ಕೂ ಕೊನೆಯಲ್ಲಿ ಒಂದೇ ನಾಲ್ಕಕ್ಷರದ ಗೊಂಚಲು. ಹಾಗಾಗಿ ಅಲ್ಲಿ ತೊಡಕು ಬೇಗ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಬರೆದಂತೆ ಓದಿದರೆ ಬಹುಪಾಲು ಸರಿ, ಆದರೆ ಕಲಿಯಬೇಕಾದ ಗುರುತುಗಳು ನೂರಾರು. ವರ್ಣಮಾಲೆ ಐವತ್ತರ ಹತ್ತಿರ ಮುಗಿದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಪಟ್ಟಿ ಬೆಳೆಯುತ್ತದೆ. ತೊಂದರೆ ಇಲ್ಲದ ಮಕ್ಕಳೇ ಇದನ್ನೆಲ್ಲ ಗಟ್ಟಿ ಮಾಡಿಕೊಳ್ಳಲು ನಾಲ್ಕನೇ ತರಗತಿಯವರೆಗೆ ಹೆಣಗುತ್ತಾರೆ.

ಮೊದಲು ಎಡವುವುದು ದೀರ್ಘದಲ್ಲಿ: ‘ಮಾಲೆ’ ‘ಮಲೆ’ ಆಗುತ್ತದೆ. ಆಮೇಲೆ ಒತ್ತಕ್ಷರದಲ್ಲಿ: ‘ಕತ್ತೆ’ ‘ಕತೆ’ ಆಗುತ್ತದೆ. ಎರಡೂ ಅರ್ಥವಿರುವ ಪದವಾದ್ದರಿಂದ ತಪ್ಪಿದ್ದು ಮಗುವಿಗೇ ತಿಳಿಯುವುದಿಲ್ಲ. ದ–ಧ, ಬ–ಭ, ವ–ಪ, ಪ–ಷ–ಫ ಇಂಥ ಒಂದೇ ಮೈಕಟ್ಟಿನ ಅಕ್ಷರಗಳು ಕಲಸಿಹೋಗುತ್ತವೆ. ಎಲ್ಲಕ್ಕಿಂತ ಕೊನೆಯವರೆಗೆ ಕಾಡುವುದು ಅರ್ಕಾವತ್ತು. ‘ಸೂರ್ಯ’ದಲ್ಲಿ ಬಾಯಿ ‘ರ್’ ಅನ್ನು ಮೊದಲು ಹೇಳುತ್ತದೆ, ಕಣ್ಣಿಗೆ ಅದು ‘ಯ’ದ ನಂತರ ಕಾಣುತ್ತದೆ. ಸಾಲಿನಲ್ಲಿ ಎಡದಿಂದ ಬಲಕ್ಕೆ ನಿಷ್ಠೆಯಿಂದ ಹೋಗುವ ಮಗು ಇಲ್ಲಿ ‘ಸೂಯರ’ ಎಂದರೆ ಅದು ನಿಯಮ ಪಾಲಿಸಿದೆ ಎಂದೇ ಲೆಕ್ಕ.

ಇನ್ನೊಂದು ಮೋಸವಿದೆ. ಓದು–ಬರಹ ನೇರವಾಗಿರುವ ಭಾಷೆಗಳಲ್ಲಿ ಮಗು ದೊಡ್ಡದಾದಂತೆ ತಪ್ಪು ಕಡಿಮೆಯಾಗುತ್ತದೆ, ವೇಗ ಮಾತ್ರ ಬರುವುದಿಲ್ಲ. ಆರನೇ ತರಗತಿಯಲ್ಲಿ ಪುಟವನ್ನು ಸರಿಯಾಗಿ ಓದಿ ಮುಗಿಸುತ್ತದೆ, ಆದರೆ ಗೆಳೆಯರು ಮೂರು ಪುಟ ಮುಗಿಸುವ ಹೊತ್ತಿಗೆ. ‘ಓದಲು ಬರುತ್ತದಲ್ಲ, ಮನಸ್ಸಿಟ್ಟು ಮಾಡುವುದಿಲ್ಲ ಅಷ್ಟೇ’ ಎಂಬ ತೀರ್ಪು ಹುಟ್ಟುವುದು ಇಲ್ಲೇ.

ಕಣ್ಣಿನ ತೊಂದರೆ ಇರಬಹುದೇ?

ಕಣ್ಣು, ಕಿವಿ ಎರಡನ್ನೂ ಮೊದಲು ಪರೀಕ್ಷೆ ಮಾಡಿಸಿ. ಕನ್ನಡಕ ಬೇಕಿದ್ದ ಮಗುವಿಗೆ ಬೇರೆ ಹಣೆಪಟ್ಟಿ ಹಚ್ಚುವುದು ತಪ್ಪು. ಅವು ಸರಿಯಿದ್ದರೆ ಆ ದಾರಿ ಅಲ್ಲಿಗೆ ಮುಗಿಯಿತು. ಬಣ್ಣದ ಕನ್ನಡಕ, ಬಣ್ಣದ ಹಾಳೆ, ಕಣ್ಣಿನ ಕಸರತ್ತುಗಳಿಂದ ಡಿಸ್ಲೆಕ್ಸಿಯಾ ಸರಿಹೋಗುತ್ತದೆ ಎನ್ನಲು ಪುರಾವೆ ಇಲ್ಲ. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು ಜಂಟಿಯಾಗಿಯೇ ಹಾಗೆ ಹೇಳಿವೆ. ವಿಶೇಷ ಫಾಂಟ್‌ಗಳೂ ಅಷ್ಟೇ. ಅದರ ಬದಲು ಅಕ್ಷರ ಸ್ವಲ್ಪ ದೊಡ್ಡದು, ಸಾಲುಗಳ ನಡುವೆ ಜಾಗ ಹೆಚ್ಚು, ಸಾಲು ಗಿಡ್ಡ ಮಾಡಿ ಮುದ್ರಿಸಿ ಕೊಡಿ. ಕೆಲವು ಮಕ್ಕಳಿಗೆ ಹಿತವಾಗುತ್ತದೆ. ಒತ್ತಕ್ಷರಗಳು ಕೆಳಸಾಲಿಗೆ ತಾಗದಷ್ಟು ಜಾಗವಾದರೂ ಇರಲೇಬೇಕು.

ಪರೀಕ್ಷೆ ಯಾರು ಮಾಡುತ್ತಾರೆ? ಅದರಲ್ಲಿ ಏನಿರುತ್ತದೆ?

ಕಲಿಕಾ ತೊಂದರೆಗಳಲ್ಲಿ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಮಾಡುತ್ತಾರೆ. ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಸ್ಕ್ಯಾನ್‌ನಿಂದಾಗಲಿ ಇದು ಗೊತ್ತಾಗುವುದಿಲ್ಲ. ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ಪದ ಓದುವುದು, ಗದ್ಯ ಓದುವ ವೇಗ, ಹೇಳಿದ್ದನ್ನು ಬರೆಯುವುದು, ಸದ್ದುಗಳನ್ನು ಬಿಡಿಸಿ ಕೂಡಿಸುವುದು, ಚಿತ್ರಗಳ ಹೆಸರನ್ನು ಬೇಗ ಬೇಗ ಹೇಳುವುದು ಇವೆಲ್ಲ ಇರಬೇಕು. ‘ಟಿಮೂಗ’, ‘ಲಪ್ಪಿಸು’ ತರಹದ ಅರ್ಥವಿಲ್ಲದ ಪದಗಳನ್ನು ಓದಿಸುತ್ತಾರೆ. ಗಾಬರಿಯಾಗಬೇಡಿ. ಅರ್ಥವಿರುವ ಪದವನ್ನು ಮಗು ನೆನಪಿನಿಂದಲೋ ಊಹೆಯಿಂದಲೋ ಹೇಳಿಬಿಡಬಹುದು. ಇವನ್ನು ಬಿಡಿಸಿಯೇ ಓದಬೇಕು.

ಮಗು ಎರಡು ಭಾಷೆಯಲ್ಲಿ ಓದು ಕಲಿಯುತ್ತಿದ್ದರೆ ಎರಡರಲ್ಲೂ ಪರೀಕ್ಷೆ ಆಗಲಿ. ಒಂದರಲ್ಲಿ ಮಾತ್ರ ಹಿಂದಿದ್ದರೆ ಆ ಭಾಷೆಯ ರೂಢಿ ಕಡಿಮೆ ಎಂದೂ ಇರಬಹುದು. ವರದಿಯ ಕೊನೆಯಲ್ಲಿ ‘ಡಿಸ್ಲೆಕ್ಸಿಯಾ ಇದೆ’ ಎಂಬ ಒಂದೇ ಸಾಲಿದ್ದರೆ ಸಾಲದು. ಯಾವ ಕೌಶಲ ಎಷ್ಟು ಹಿಂದಿದೆ, ಎಲ್ಲಿಂದ ಕಲಿಸಲು ಶುರುಮಾಡಬೇಕು, ಪರೀಕ್ಷೆಯಲ್ಲಿ ಯಾವ ಸೌಲಭ್ಯ ಬೇಕು ಎಂಬುದನ್ನು ಬರೆಸಿಕೊಳ್ಳಿ.

ಇನ್ನೂ ಚಿಕ್ಕದು, ಒಂದು ವರ್ಷ ಕಾದು ನೋಡೋಣವೇ?

ಕಾಯಬೇಡಿ. ಖಚಿತ ಹೆಸರು ಸಿಗುವುದು ಸಾಮಾನ್ಯವಾಗಿ ಏಳೆಂಟು ವರ್ಷದ ಹೊತ್ತಿಗೆ, ಏಕೆಂದರೆ ಒಂದೆರಡು ವರ್ಷ ಪಾಠವಾದ ಮೇಲೂ ಓದು ಬಂದಿಲ್ಲ ಎಂಬುದು ತಿಳಿಯಬೇಕು. ಆದರೆ ಸಹಾಯಕ್ಕೆ ಹೆಸರು ಬೇಕಿಲ್ಲ. ಐದಾರು ವರ್ಷಕ್ಕೇ ಸದ್ದಿನ ಆಟ, ಅಕ್ಷರದ ಕೆಲಸ ಶುರುಮಾಡಿದರೆ ನಷ್ಟವೇನೂ ಇಲ್ಲ. ತೊಂದರೆ ಇಲ್ಲವೆಂದು ಆಮೇಲೆ ತಿಳಿದರೆ ಮಗು ಚೆನ್ನಾಗಿ ಓದುತ್ತದೆ, ಅಷ್ಟೇ.

ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುವುದನ್ನು ನಾವು ಒಪ್ಪುವುದಿಲ್ಲ. ಮೊದಲ ಸಲ ಫಲಿಸದ ವಿಧಾನವೇ ಎರಡನೇ ಸಲವೂ ನಡೆಯುತ್ತದೆ, ಜೊತೆಗೆ ಗೆಳೆಯರು ಮುಂದೆ ಹೋಗಿರುತ್ತಾರೆ.

ಮನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು? ಏನು ಮಾಡಿಸಬೇಕು?

ದಿನಕ್ಕೆ 20ರಿಂದ 25 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಎರಡು ಗಂಟೆ ಒಟ್ಟಿಗೆ ಕೂರಿಸಿದರೆ ಇಷ್ಟು ದಕ್ಕುವುದಿಲ್ಲ. ನೋಡುವುದು, ಹೇಳುವುದು, ಕೇಳುವುದು, ಕೈಯಾಡಿಸುವುದು ಒಟ್ಟಿಗೆ ನಡೆಯುವ ಈ ಬಗೆಯ ಕಲಿಸುವಿಕೆಯ ಬೇರು 1930ರ ದಶಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ನರವೈದ್ಯ ಮತ್ತು ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ರೂಪಿಸಿದ ಕ್ರಮದಲ್ಲಿದೆ. ಅದರ ಸಾರ ಇಷ್ಟೇ: ಯಾವುದನ್ನೂ ಮಗು ತಾನೇ ಊಹಿಸಿಕೊಳ್ಳಲಿ ಎಂದು ಬಿಡಬಾರದು, ಸುಲಭದಿಂದ ಕಷ್ಟಕ್ಕೆ ಹೋಗಬೇಕು, ಹಿಂದಿನದು ಗಟ್ಟಿಯಾಗದೆ ಮುಂದಿನದಕ್ಕೆ ಕೈ ಹಾಕಬಾರದು.

ಮೊದಲ ಮೂರು ನಿಮಿಷ ಪುಸ್ತಕವೇ ಬೇಡ, ಬರೀ ಕಿವಿಯ ಕೆಲಸ. ‘ಕನಸು’ದಲ್ಲಿ ‘ಕ’ ತೆಗೆದರೆ ಏನುಳಿಯಿತು? ‘ನಸು’. ಇದು ಸಲೀಸಾದ ಮೇಲೆ ಅಕ್ಷರದ ಒಳಗೇ ಇಳಿಯಿರಿ: ‘ಕಿ’ಯಲ್ಲಿ ‘ಇ’ ತೆಗೆದು ‘ಊ’ ಇಟ್ಟರೆ? ಕಾಗುಣಿತ ಅರ್ಥವಾಗುವುದು ಈ ಎರಡನೆಯ ಆಟದಿಂದ. ಆಮೇಲೆ ಐದು ನಿಮಿಷ ಅಕ್ಷರದ ಕಾರ್ಡುಗಳು. ಹತ್ತು ಕಾರ್ಡಿನಲ್ಲಿ ಎಂಟು ಗೊತ್ತಿರುವವು, ಎರಡು ಹೊಸವು. ಎಲ್ಲ ಹೊಸವೇ ಆದರೆ ಮಗು ಮೂರನೇ ಕಾರ್ಡಿಗೇ ಕೈಚೆಲ್ಲುತ್ತದೆ. ಹೊಸ ಅಕ್ಷರವನ್ನು ಮರಳಿನ ತಟ್ಟೆಯಲ್ಲೋ ಒರಟು ಬಟ್ಟೆಯ ಮೇಲೋ ಬೆರಳಿನಿಂದ ಬರೆಯಿಸಿ, ಬರೆಯುತ್ತಿರುವಾಗಲೇ ಸದ್ದು ಬಾಯಲ್ಲಿ ಬರಬೇಕು. ಮುಂದಿನ ಐದಾರು ನಿಮಿಷ ಕಾರ್ಡುಗಳನ್ನು ಜೋಡಿಸಿ ಪದ ಕಟ್ಟುವುದು, ಒಂದೊಂದೇ ಕಾರ್ಡು ಬದಲಿಸಿ ಪದ ಮಾರ್ಪಡಿಸುವುದು. ಉಳಿದ ಹೊತ್ತು ಸಾಲುಗಳನ್ನು ಓದುವುದು.

ಕಾಗುಣಿತದ ಬಗ್ಗೆ ಒಂದು ಎಚ್ಚರಿಕೆ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳಿಸುವಾಗ ಮಗುವಿನ ಕಣ್ಣು ಎಲ್ಲಿದೆ ನೋಡಿ. ಬಹಳ ಸಲ ಕಿಟಕಿಯ ಕಡೆ ಇರುತ್ತದೆ. ಸಾಲಿನ ನಡುವೆ ಬೆರಳಿಟ್ಟು ‘ಇದೇನು?’ ಎಂದರೆ ಮತ್ತೆ ‘ಕ’ದಿಂದ ಶುರುಮಾಡಿ ಎಣಿಸಿಕೊಂಡು ಬರುತ್ತದೆ. ಹಾಡು ಬಂದಿದೆ, ಗುರುತು ಬಂದಿಲ್ಲ. ಆದ್ದರಿಂದ ಅಡ್ಡಸಾಲು ಬಿಟ್ಟು ಉದ್ದಸಾಲಿನಲ್ಲಿ ಹೋಗಿ: ಗುಡಿಸು ಒಂದನ್ನೇ ಹಿಡಿದು ಕಿ, ಮಿ, ನಿ, ರಿ, ಸಿ. ಅದು ಗಟ್ಟಿಯಾದ ಮೇಲೆ ಕೊಂಬು. ಗುಡಿಸಿನ ದೀರ್ಘ ಬರುವುದು ಗುಡಿಸು ನಿಂತ ಮೇಲೆಯೇ.

ಹೋಲುವ ಅಕ್ಷರಗಳನ್ನು ಜೋಡಿಯಾಗಿ ಕಲಿಸಬೇಡಿ. ‘ದ’ ಕಣ್ಣುಮುಚ್ಚಿ ಬರೆಯುವಷ್ಟಾದ ಮೇಲೆ, ನಡುವೆ ಬೇರೆ ನಾಲ್ಕೈದು ಅಕ್ಷರ ಬಂದುಹೋಗಲಿ, ಆಮೇಲೆ ‘ಧ’. ಒತ್ತಕ್ಷರಗಳಲ್ಲಿ ಕ್ಕ, ಗ್ಗ, ಪ್ಪ, ಬ್ಬ ಮೊದಲು, ಏಕೆಂದರೆ ಅಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲವನ್ನು ಹೋಲುವುದಿಲ್ಲ. ಅವನ್ನು ಹೊಸ ಅಕ್ಷರಗಳೆಂದೇ ಲೆಕ್ಕ ಹಿಡಿದು ಒಂದೊಂದಾಗಿ ಕಲಿಸಬೇಕು. ಬೇರೆ ಬೇರೆ ವ್ಯಂಜನ ಸೇರಿದವು ಆಮೇಲೆ, ಅರ್ಕಾವತ್ತು ಎಲ್ಲಕ್ಕೂ ಕೊನೆಗೆ.

ಓದುವಾಗ ತಪ್ಪಿದರೆ ತಕ್ಷಣ ತಿದ್ದಬೇಕೇ?

ಮೂರು–ನಾಲ್ಕು ಸೆಕೆಂಡ್ ಸುಮ್ಮನಿರಿ. ಮಗು ತಾನೇ ತಿದ್ದಿಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಪದದ ಹಿಂಭಾಗವನ್ನು ಬೆರಳಿನಿಂದ ಮುಚ್ಚಿ ಮೊದಲ ಅಕ್ಷರವನ್ನು ತೋರಿಸಿ, ಒಂದೊಂದಾಗಿ ಬೆರಳು ಸರಿಸಿ. ಆಗಲೂ ಬಾರದಿದ್ದರೆ ನೀವೇ ಹೇಳಿಬಿಡಿ, ವಾಕ್ಯವನ್ನು ಮೊದಲಿನಿಂದ ಓದಿಸಿ. ‘ಚಿತ್ರ ನೋಡಿ ಊಹಿಸು’ ಎನ್ನಬೇಡಿ. ಊಹೆ ಈ ಮಕ್ಕಳಿಗೆ ಮೊದಲೇ ಚಟ. ‘ನಿನ್ನೆ ತಾನೇ ಹೇಳಿಕೊಟ್ಟೆನಲ್ಲ’ ಎನ್ನುವುದೂ ಬೇಡ. ನಿನ್ನೆ ಬಂದದ್ದು ಇಂದು ಬಾರದಿರುವುದು ಈ ತೊಂದರೆಯ ಲಕ್ಷಣವೇ.

20 ಪದಕ್ಕೆ ಒಂದು ತಪ್ಪು ಬರುವಂಥ ಪುಸ್ತಕ ಅಭ್ಯಾಸಕ್ಕೆ ತಕ್ಕದ್ದು. ಹತ್ತಕ್ಕೆ ಒಂದಕ್ಕಿಂತ ಹೆಚ್ಚಾದರೆ ಪುಸ್ತಕ ಬದಲಿಸಿ. ವೇಗಕ್ಕಾಗಿ 50ರಿಂದ 100 ಪದಗಳ ಒಂದೇ ಭಾಗವನ್ನು ಮೂರು–ನಾಲ್ಕು ಸಲ ಓದಿಸಿ. ಮಗು ಸೋತುಹೋಗಿರುವ ದಿನ ಜೋಡಿ ಓದು ಸಾಕು: ಇಬ್ಬರೂ ಒಟ್ಟಿಗೆ ದನಿ ತೆಗೆದು ಓದಿ, ಮಗು ನಿಮ್ಮ ಕೈ ತಟ್ಟಿದಾಗ ನೀವು ನಿಲ್ಲಿಸಿ, ಅದು ಎಡವಿದಾಗ ಮತ್ತೆ ಸೇರಿಕೊಳ್ಳಿ.

ತಪ್ಪಿದ ಪದವನ್ನು ಹತ್ತು ಸಲ ಬರೆಸಿದರೆ?

ಮೂರನೇ ಸಲದಿಂದ ಕೈ ಮಾತ್ರ ಬರೆಯುತ್ತದೆ. ಎಷ್ಟೋ ಮಕ್ಕಳು ಮೊದಲು ಹತ್ತು ಸಾಲಿಗೂ ಮೊದಲಕ್ಷರ, ಆಮೇಲೆ ಹತ್ತಕ್ಕೂ ಎರಡನೆಯದು ಎಂದು ಕಂಬ ಇಳಿಸಿದ ಹಾಗೆ ಬರೆದು ಮುಗಿಸುತ್ತವೆ. ಜಾಣತನ ಮೆಚ್ಚಬೇಕಾದ್ದೇ, ಪದ ಮಾತ್ರ ಕಲಿತಿರುವುದಿಲ್ಲ. ಬದಲಿಗೆ ಪದ ಹೇಳಿಸಿ, ಅಕ್ಷರಕ್ಕೊಂದು ಗುಂಡಿ ಇಡಿಸಿ, ಹೇಳುತ್ತಾ ಬರೆಯಿಸಿ, ಮುಚ್ಚಿಸಿ, ನೆನಪಿನಿಂದ ಬರೆಯಿಸಿ, ತಾನೇ ಹೋಲಿಸಿ ನೋಡಲಿ. ದಿನಕ್ಕೆ ನಾಲ್ಕೈದು ಪದ ಸಾಕು. ಅವೇ ಪದಗಳು ಮರುದಿನ, ಮೂರು ದಿನಕ್ಕೆ, ವಾರಕ್ಕೆ ಒಮ್ಮೆ ಮತ್ತೆ ಬರಬೇಕು.

ಪಾಠ ಓದಿ ಹೇಳಿದರೆ, ಆಡಿಯೋ ಕೇಳಿಸಿದರೆ ಸೋಮಾರಿ ಆಗುವುದಿಲ್ಲವೇ?

ಇಲ್ಲ. ಇದು ಆರಂಭದಲ್ಲಿ ಹೇಳಿದ ಎರಡನೇ ಕೆಲಸ. ಪದಸಂಪತ್ತು ಬೆಳೆಯುವುದು ಹೆಚ್ಚಾಗಿ ಪುಸ್ತಕದ ಭಾಷೆಯಿಂದ. ಓದಲಾಗದ ಮಗುವಿಗೆ ಆ ಭಾಷೆ ಕಿವಿಯಿಂದಲೂ ಸಿಗದಿದ್ದರೆ ಹತ್ತು ವರ್ಷದ ಹೊತ್ತಿಗೆ ಓದಿನ ತೊಡಕಿನ ಜೊತೆ ಭಾಷೆಯ ಬಡತನವೂ ಸೇರಿಕೊಳ್ಳುತ್ತದೆ. ಓದಿನ ಅಭ್ಯಾಸಕ್ಕೆ ಸುಲಭದ ಪುಸ್ತಕ, ಕೇಳುವುದಕ್ಕೆ ವಯಸ್ಸಿಗೆ ತಕ್ಕ ಕಥೆ, ವಿಜ್ಞಾನ, ಇತಿಹಾಸ. ಸಮಾಜ ಪಾಠವನ್ನು ಫೋನಿನ ಓದಿ ಹೇಳುವ ಸೌಲಭ್ಯದಿಂದ ಕೇಳಿಸುವಾಗ ಪುಸ್ತಕ ಎದುರಿಗಿರಲಿ, ಬೆರಳು ಸಾಲಿನ ಮೇಲಿರಲಿ.

ಶಾಲೆಯಲ್ಲಿ ಏನು ಕೇಳಬೇಕು?

ಇಪ್ಪತ್ತು ಪುಟದ ವರದಿಯನ್ನು ತರಗತಿಯ ಶಿಕ್ಷಕರು ಓದುವುದು ಕಷ್ಟ. ಒಂದು ಪುಟದ ಟಿಪ್ಪಣಿ ಮಾಡಿ ಎಲ್ಲ ವಿಷಯದ ಶಿಕ್ಷಕರಿಗೂ ಕೊಡಿ, ಪ್ರತಿ ವರ್ಷ ಹೊಸದಾಗಿ ಕೊಡಿ. ಮುನ್ಸೂಚನೆ ಇಲ್ಲದೆ ಎದ್ದು ನಿಂತು ಓದಿಸಬೇಡಿ ಎಂಬುದು ಅದರ ಮೊದಲ ಸಾಲು. ಓದಿಸಲೇಬೇಕಿದ್ದರೆ ಹಿಂದಿನ ದಿನವೇ ಭಾಗ ಗೊತ್ತುಮಾಡಲಿ. ಬೋರ್ಡಿನಿಂದ ನಕಲು ಮಾಡುವುದು ಈ ಮಕ್ಕಳಿಗೆ ದೊಡ್ಡ ಶಿಕ್ಷೆ: ತಲೆ ಎತ್ತಿ ಇಳಿಸುವಷ್ಟರಲ್ಲಿ ಜಾಗ ತಪ್ಪುತ್ತದೆ, ಒಂದು ಸಲಕ್ಕೆ ಎರಡಕ್ಷರ ಮಾತ್ರ ನೆನಪಿರುತ್ತದೆ, ಬೋರ್ಡು ಒರೆಸಿಯಾಗಿರುತ್ತದೆ. ಮುದ್ರಿತ ಟಿಪ್ಪಣಿ ಕೇಳಿ ಅಥವಾ ಫೋಟೋ ತೆಗೆಯಲು ಅನುಮತಿ ಕೇಳಿ. ವಿಜ್ಞಾನದ ಉತ್ತರಕ್ಕೆ ವಿಜ್ಞಾನದ ಅಂಕವೇ ಬರಲಿ, ಕಾಗುಣಿತದ ತಪ್ಪಿಗೆ ಅಲ್ಲಿ ಕಡಿತ ಬೇಡ.

ಪರೀಕ್ಷೆಗೆ ಹೆಚ್ಚುವರಿ ಸಮಯ, ಪ್ರಶ್ನೆ ಓದಿ ಹೇಳುವವರು, ಉತ್ತರ ಬರೆದುಕೊಡುವವರು, ಪ್ರತ್ಯೇಕ ಕೋಣೆ ಇವು ಸಾಮಾನ್ಯ ಸೌಲಭ್ಯಗಳು. ಹೆಚ್ಚುವರಿ ಸಮಯ ಕಾಲು ಭಾಗದಿಂದ ಅರ್ಧದವರೆಗೆ, ಪರೀಕ್ಷೆ ನಡೆಸುವವರ ನಿಯಮದಂತೆ ಬದಲಾಗುತ್ತದೆ. ದಾಖಲೆ ಹೊಸದಿರಬೇಕು, ಅರ್ಜಿ ತಿಂಗಳುಗಳ ಮೊದಲೇ ಹೋಗಬೇಕು. ಪರೀಕ್ಷೆಯ ವರ್ಷದಲ್ಲಿ ಓಡಾಡಿದರೆ ತಡವಾಗುತ್ತದೆ. ಬರೆದುಕೊಡುವವರು ಸಿಕ್ಕ ಮಾತ್ರಕ್ಕೆ ಕೆಲಸವಾಗುವುದಿಲ್ಲ. ವಾಕ್ಯ ಕಟ್ಟಿ ನಿಧಾನವಾಗಿ ಹೇಳುವುದು, ಮೊದಲು ನಾಲ್ಕು ಅಂಶ ಗುರುತುಹಾಕಿಸಿಕೊಳ್ಳುವುದು, ಬರೆದದ್ದನ್ನು ಓದಿಸಿ ಕೇಳುವುದು ಅಭ್ಯಾಸದಿಂದಲೇ ಬರಬೇಕು. ಆರು ತಿಂಗಳು ಮೊದಲೇ ಶಾಲೆಯ ಕಿರುಪರೀಕ್ಷೆಗಳಲ್ಲಿ ಇದನ್ನು ಬಳಸಲು ಬಿಡಿ.

ಲೆಕ್ಕದಲ್ಲೂ ಎಡವುತ್ತದೆ. ಅದೂ ಇದರಿಂದಲೇ?

ಲೆಕ್ಕ ಅರ್ಥವಾಗಿಯೂ ಮಗ್ಗಿ ನಿಲ್ಲದಿದ್ದರೆ, ವಾಕ್ಯದ ಲೆಕ್ಕ ಓದಿ ಹೇಳಿದಾಗ ಸರಿಯಾಗಿ ಮಾಡಿದರೆ, ಹೌದು. ಮಗ್ಗಿಯ ಪಟ್ಟಿ ಮೇಜಿನ ಮೇಲಿರಲಿ. ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂಬುದೇ ಗೊಂದಲವಾದರೆ ಅದು ಡಿಸ್ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆಗಳ ಅರಿವಿನಲ್ಲೇ ಇರುವ ತೊಂದರೆ, ಇರಬಹುದು, ಬೇರೆ ಪರೀಕ್ಷೆ ಬೇಕು. ಗಮನದ ತೊಂದರೆಯೂ ಡಿಸ್ಲೆಕ್ಸಿಯಾ ಜೊತೆ ಬಹಳ ಸಲ ಬರುತ್ತದೆ.

ಎರಡು ಭಾಷೆ ಹೆಚ್ಚಾಯಿತೇ? ಮನೆಮಾತು ಬಿಡಬೇಕೇ?

ಬಿಡಬೇಡಿ. ಎರಡು ಭಾಷೆ ಮಾತಾಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಒಂದು ಬಿಟ್ಟರೆ ಹೋಗುವುದೂ ಇಲ್ಲ. ಓದು–ಬರಹದಲ್ಲಿ ಮಾತ್ರ ಒಂದೇ ವಾರ ಎರಡು ಲಿಪಿಯ ಹೊಸ ಗುರುತುಗಳು ಬೀಳದಂತೆ ನೋಡಿಕೊಳ್ಳಿ.

ಮಗುವಿಗೆ ಹೇಳಬೇಕೇ?

ಹೇಳಿ, ಏಳೆಂಟು ವರ್ಷಕ್ಕೇ ಹೇಳಬಹುದು. ನೀವು ಹೇಳದಿದ್ದರೂ ಮಗು ತನಗೊಂದು ಹೆಸರು ಇಟ್ಟುಕೊಂಡಿರುತ್ತದೆ, ಸಾಮಾನ್ಯವಾಗಿ ‘ದಡ್ಡ’. ‘ನಿನ್ನ ತಲೆಗೆ ಅಕ್ಷರ ಮತ್ತು ಸದ್ದು ಜೋಡಿಸಲು ಬೇರೆಯವರಿಗಿಂತ ಹೆಚ್ಚು ಅಭ್ಯಾಸ ಬೇಕು, ಅದಕ್ಕೇ ನಾವು ಹೀಗೆ ಕಲಿಯುತ್ತಿದ್ದೇವೆ’ ಎಂದರೆ ಸಾಕು. ಶಾಲೆಯ ದಿನ ಮಾತ್ರ ಬರುವ ಹೊಟ್ಟೆನೋವು, ತರಗತಿಯಲ್ಲಿ ಕೋಡಂಗಿಯಾಟ, ಪುಸ್ತಕ ‘ಕಳೆದುಹೋಗುವುದು’ ಇವೆಲ್ಲ ಓದಿನಿಂದ ತಪ್ಪಿಸಿಕೊಳ್ಳುವ ದಾರಿಗಳು. ಈಜು, ಚಿತ್ರ, ಚೆಸ್, ಯಾವುದರಲ್ಲಿ ಕೈ ಇದೆಯೋ ಅದನ್ನು ಟ್ಯೂಷನ್‌ಗಾಗಿ ಬಿಡಿಸಬೇಡಿ.

ಇದು ಪೂರ್ತಿ ವಾಸಿಯಾಗುತ್ತದೆಯೇ?

ಇದು ಕಾಯಿಲೆಯಲ್ಲ, ಔಷಧವೂ ಇಲ್ಲ. ಮೀನೆಣ್ಣೆ ಗುಳಿಗೆ, ಸಮತೋಲನದ ಕಸರತ್ತು, ‘ಮೆದುಳಿನ ಎರಡು ಭಾಗ ಜೋಡಿಸುವ’ ವ್ಯಾಯಾಮ ಇವುಗಳಿಗೆ ಸುರಿಯುವ ಹಣವನ್ನು ಕಲಿಸಲು ಬಲ್ಲ ಶಿಕ್ಷಕರಿಗೆ ಕೊಡಿ. ಸರಿಯಾಗಿ ಕಲಿಸಿದರೆ ಓದು ಬರುತ್ತದೆ. ನಿಧಾನಗತಿ, ಹೊಸ ಪದಗಳ ಕಾಗುಣಿತದ ತಪ್ಪು ದೊಡ್ಡವರಾದ ಮೇಲೂ ಸ್ವಲ್ಪ ಉಳಿಯುತ್ತವೆ. ಹಾಗಾಗಿ ಒಂಬತ್ತು–ಹತ್ತು ವರ್ಷದಿಂದ ದಿನಕ್ಕೆ ಹತ್ತು ನಿಮಿಷ ಟೈಪಿಂಗ್ ಕಲಿಸಿ; ಹೈಸ್ಕೂಲಿನ ಉದ್ದುದ್ದ ಬರಹಗಳು ಶುರುವಾಗುವ ಮೊದಲೇ ಬೆರಳುಗಳಿಗೆ ರೂಢಿಯಾಗಿರಬೇಕು.

ಕಲಿಸುತ್ತಿರುವ ವಿಧಾನ ಫಲಿಸುತ್ತಿದೆ ಎಂದು ಹೇಗೆ ತಿಳಿಯುವುದು?

ಎರಡು ವಾರಕ್ಕೊಮ್ಮೆ, ಮೊದಲು ನೋಡಿರದ ಆದರೆ ಅದೇ ಮಟ್ಟದ ಒಂದು ಭಾಗವನ್ನು ಒಂದು ನಿಮಿಷ ಓದಿಸಿ. ಸರಿಯಾಗಿ ಓದಿದ ಪದಗಳನ್ನು ಎಣಿಸಿ ದಿನಾಂಕದೊಂದಿಗೆ ಬರೆದಿಡಿ. ಒಂದು ಸಲ ಇಳಿದರೆ ಲೆಕ್ಕಕ್ಕಿಲ್ಲ. ನಿದ್ದೆ, ಜ್ವರ, ಜಗಳ ಏನೂ ಕಾರಣವಿರಬಹುದು. ಮೂರು ತಿಂಗಳು ಕಳೆದರೂ ಸಂಖ್ಯೆ ಅಲ್ಲೇ ನಿಂತಿದ್ದರೆ, ಅಭ್ಯಾಸ ನಿಜಕ್ಕೂ ವಾರಕ್ಕೆ ಐದು ದಿನ ನಡೆದಿದೆಯೇ ಎಂದು ಮೊದಲು ನೋಡಿ. ನಡೆದಿದ್ದರೆ ಒಂದು ಹಂತ ಹಿಂದಕ್ಕೆ ಹೋಗಿ, ಯಾವ ಗುರುತು ಗಟ್ಟಿಯಾಗದೆ ಮುಂದೆ ದಾಟಿದ್ದೀರಿ ಎಂದು ಕಾರ್ಡುಗಳನ್ನು ಕಲಸಿ ಒಂದೊಂದಾಗಿ ತೋರಿಸಿ ನೋಡಿ. ಹೆಚ್ಚಾಗಿ ಸಿಕ್ಕಿಬೀಳುವುದು ದೀರ್ಘದ ಗುರುತು.